ಮದುವೆ ಸಾರುವ ಮುನ್ನ

ಬೆಳಗಿನ ಪ್ರಾರ್ಥನೆ ಮುಗಿದು, ಹಿರಿಯರೆಲ್ಲ ಕೆಮ್ಮುತ್ತ ಚಪ್ಪಲಿ ಹುಡುಕಿಕೊಂಡು ಮನೆಗೆ ಹೊರಟ ಮೇಲೆ, ಮಂದಿರದ ಹಿಂಬದಿಯ ಕೋಣೆಯಲ್ಲಿ ವಾರಕ್ಕೊಂದು ಪಾಠ ನಡೆಯುತ್ತಿತ್ತು. ಹೇಳುವವರು ಇಬ್ಬರು ಹುಡುಗಿಯರು, ಕೇಳುವವರು ಅವರದೇ ವಯಸ್ಸಿನ ಆಚೀಚಿನವರು. ಹೇಳುವವರಲ್ಲಿ ಒಬ್ಬಳು ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಬರಬೇಕಾದಷ್ಟು ಉದ್ದ. ಅವಳನ್ನು ಎಲ್ಲರೂ ‘ಏಣಿ’ ಎಂದೇ ಕರೆಯುತ್ತಿದ್ದರು. ಇನ್ನೊಬ್ಬಳು ಅವಳ ಭುಜಕ್ಕೂ ಬಾರದವಳು, ಬಾಯಿ ಮಾತ್ರ ಊರಗಲ. ಅವಳು ‘ಸೂಜಿಮೆಣಸು’. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಈಗ ಒಂದೇ ಬೇಕರಿಯ ಪ್ಯಾಕಿಂಗ್ ಕೋಣೆಯಲ್ಲಿ ಎದುರುಬದುರು ನಿಂತು ದುಡಿಯುವವರು. ಇನ್ನು ಸ್ವಲ್ಪ ದಿನಕ್ಕೆ ನಂಟೂ ಆಗುವುದರಲ್ಲಿತ್ತು. ಏಣಿಯ ಅಣ್ಣನಿಗೂ ಸೂಜಿಮೆಣಸಿಗೂ ಮದುವೆ ಗೊತ್ತಾಗಿತ್ತು.

ಪಾಠ ಎಚ್‌ಐವಿಯದು. ಊರಿನಲ್ಲಿ ಎಳೆಯ ವಯಸ್ಸಿನ ಸಾವುಗಳು ಒಂದರ ಹಿಂದೆ ಒಂದು ಆಗಿ, ಕಾರಣ ಗೊತ್ತಿದ್ದೂ ಎಲ್ಲರೂ ‘ಜ್ವರ’ ಎಂದು ಹೇಳಿ ಮಣ್ಣು ಮಾಡಿ ಬಂದಿದ್ದರು. ಆಮೇಲೆ ಗುರುಗಳೇ ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಮಂದಿರಕ್ಕೆ ಕರೆಸಿದ್ದರು. “ನಾನು ಹೇಳಿದ್ರೆ ಉಪದೇಶ ಅಂತಾರೆ, ನೀವು ಹೇಳಿದ್ರೆ ಹೆದರಿಸ್ತಾರೆ ಅಂತಾರೆ. ಹುಡುಗರಿಗೆ ಹುಡುಗರೇ ಹೇಳಲಿ” ಎಂದು ಇವರಿಬ್ಬರನ್ನು ಆರಿಸಿ ತರಬೇತಿಗೆ ಕಳಿಸಿದ್ದರು. ತಿರುಗಿ ಬಂದ ಮೇಲೆ ಇಬ್ಬರೂ ಸಭೆಯೆದುರು ನಿಂತು ಪ್ರಮಾಣ ಮಾಡಿದ್ದರು: ಯಾರು ನಮ್ಮನ್ನು ನಂಬಿ ಏನನ್ನು ಹೇಳಿಕೊಂಡರೂ ಅದು ನಮ್ಮ ಎದೆಯಲ್ಲೇ ಇರುತ್ತದೆ, ಹೆತ್ತವರಿಗೂ ಹೇಳೆವು, ಗುರುಗಳಿಗೂ ಹೇಳೆವು. ಮಂದಿರದ ಬೀಗದ ಕೈ ಇಟ್ಟುಕೊಂಡಿದ್ದ ಹಿರಿಯರೊಬ್ಬರು, ಊರವರ ಬಾಯಲ್ಲಿ ಬೀಗದ ಯಜಮಾನರು, ಅಂದು ಮುಖ ಆಚೆ ತಿರುಗಿಸಿ ಕೂತಿದ್ದರು. ದೇವರ ಮನೆಯಲ್ಲಿ ಇಂಥ ಮಾತೇ ಎಂಬುದು ಅವರ ತಕರಾರು.

ಆ ವಾರ ಏಣಿಯ ಅಣ್ಣನೂ ಕೋಣೆಯಲ್ಲಿದ್ದ. ಪಾಠ ಕೇಳಲು ಬಂದವನಲ್ಲ. ಗಾಜಿನ ಅಂಗಡಿಯಲ್ಲಿ ಗಾಜು ಕತ್ತರಿಸುವ ಕೆಲಸದವನು, ಒಡೆದ ಕಿಟಕಿಗೆ ಗಾಜು ಕೂರಿಸಲು ಬಂದಿದ್ದ. ಹುಡುಗಿಯರು ಪರೀಕ್ಷೆ ಮಾಡಿಸಿಕೊಳ್ಳುವ ವಿಷಯ ಹೇಳುತ್ತಿದ್ದರು. ಬೆರಳಿಗೊಂದು ಚುಚ್ಚು, ಒಂದು ಹನಿ ರಕ್ತ, ಸ್ವಲ್ಪ ಹೊತ್ತು ಕಾಯುವುದು, ಅಷ್ಟೇ. ಹಿಂದಿನ ಸಾಲಿನಿಂದ ಕ್ಷೌರದಂಗಡಿಯ ಹುಡುಗ, ಎಲ್ಲರ ಬಾಯಲ್ಲಿ ‘ತರಲೆ’, ಎದ್ದು ನಿಂತ.

“ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಆಗಬಾರದು ನೋಡಿ. ನೀವಿಬ್ರೂ ಮಾಡಿಸ್ಕೊಂಡಿದ್ದೀರಾ?”

“ಮಾಡಿಸ್ಕೊಂಡಿದ್ದೀವಿ,” ಎಂದಳು ಸೂಜಿಮೆಣಸು. “ನಾವಷ್ಟೇ ಅಲ್ಲ, ಅಲ್ಲಿ ಕಿಟಕಿ ಹತ್ರ ಕೇಳದವರ ಹಾಗೆ ನಿಂತಿದ್ದಾರಲ್ಲ ಮದುಮಗ, ಅವರೂ ಮಾಡಿಸ್ಕೊಳ್ತಾರೆ. ಏನ್ರೀ?”

ಕೋಣೆಯೆಲ್ಲ ನಕ್ಕಿತು. ಅಣ್ಣನೂ ನಕ್ಕ. “ಆಯ್ತು ಮಾರಾಯ್ತಿ, ನಾಳೇನೇ ಹೋಗ್ತೀನಿ,” ಎಂದು ಕೈಮುಗಿದ. ಏಣಿಗೆ ಹೆಮ್ಮೆಯೆನಿಸಿತು. ತನ್ನ ಮನೆಯವನೇ ಹೋದರೆ ಉಳಿದವರಿಗೂ ಧೈರ್ಯ ಬರುತ್ತದೆ ಎಂದುಕೊಂಡಳು.

ಅವನು ಹೋದ. ಆದರೆ ಬಂದವನು ಏನೂ ಹೇಳಲಿಲ್ಲ. ಊಟಕ್ಕೆ ಕೂತರೆ ತಟ್ಟೆಯಲ್ಲಿ ಬೆರಳಾಡಿಸುತ್ತ ಏಳುತ್ತಿದ್ದ. ಮದುವೆಯ ಗಡಿಬಿಡಿ ಎಂದಳು ಅಮ್ಮ. ಏಣಿಯೂ ಹಾಗೆಯೇ ಅಂದುಕೊಂಡಳು. ಒಂದು ಸಂಜೆ ಪಾಳಿ ಮುಗಿಸಿ ಹೊರಬಂದಾಗ ಅವನು ಬೇಕರಿಯ ಗೇಟಿನ ಬಳಿ ನಿಂತಿದ್ದ. ಸೂಜಿಮೆಣಸು ಅಂದು ಬೇಗ ಹೋಗಿದ್ದಳು. ಅದನ್ನು ಗೊತ್ತುಮಾಡಿಕೊಂಡೇ ಬಂದಿದ್ದನೆಂದು ಏಣಿಗೆ ಆಮೇಲೆ ಹೊಳೆಯಿತು.

ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆದರು. ಗೋಡೆ ಪಕ್ಕದ ಕಲ್ಲುಬೆಂಚಿನ ಮೇಲೆ ಅವನೇ ಮೊದಲು ಕೂತ.

“ನಾನೀಗ ಹೇಳೋದು ತಂಗಿಗಲ್ಲ,” ಎಂದ. “ಮಂದಿರದಲ್ಲಿ ಪ್ರಮಾಣ ಮಾಡಿದಳಲ್ಲ, ಅವಳಿಗೆ.”

ಮುಂದಿನದನ್ನು ಅವನು ಹೇಳುವ ಮೊದಲೇ ಏಣಿಗೆ ತಿಳಿದುಹೋಯಿತು.

“ಒಂದು ಸಲ ಅಲ್ಲ, ಬೇರೆ ಬೇರೆ ಕಿಟ್‌ನಲ್ಲಿ ಮೂರು ಸಲ ನೋಡಿದ್ರು. ಇದೆ ಅಂದ್ರು. ಬೇರೆ ಊರಲ್ಲಿದ್ದಾಗ ಬಂದಿರಬೇಕು. ಹೇಗೆ, ಯಾರಿಂದ ಅಂತ ಕೇಳಬೇಡ.”

“ಕೇಳಲ್ಲ,” ಎಂದಳು. ಯಾರನ್ನೂ ಹಾಗೆ ಕೇಳಬಾರದೆಂದು ಅವಳೇ ಪಾಠ ಹೇಳುತ್ತಿದ್ದಳು. ಅಣ್ಣನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಗಾಜು ಗೀರಿ ಗೀರಿ ಒರಟಾದ ಕೈ, ತಣ್ಣಗಿತ್ತು. “ಮಾತ್ರೆ ಕೊಟ್ರಾ?”

“ಕೊಟ್ಟಿದ್ದಾರೆ. ಶುರು ಮಾಡಿದ್ದೀನಿ.”

“ಹಾಗಾದ್ರೆ ಹೆದರಬೇಡ. ದಿನಾ ತಪ್ಪದೆ ತಗೊಂಡ್ರೆ ಎಲ್ಲರ ಹಾಗೆ ಬದುಕ್ತೀಯ, ಮುದುಕನೂ ಆಗ್ತೀಯ. ಅವಳಿಗೆ ಯಾವಾಗ ಹೇಳ್ತೀಯ?”

ಅಣ್ಣ ಕೈ ಬಿಡಿಸಿಕೊಂಡ. “ಮದುವೆ ಆಗಲಿ.”

“ಏನು?”

“ಮದುವೆ ಆಗಲಿ, ಆಮೇಲೆ ನಿಧಾನವಾಗಿ ಹೇಳ್ತೀನಿ. ಔಷಧಿ ಹಿಡಿದ ಮೇಲೆ ಇನ್ನೊಬ್ಬರಿಗೆ ಹರಡಲ್ಲ ಅಂತ ನೀನೇ ಅಲ್ವಾ ಪಾಠ ಹೇಳೋದು?”

“ಹಿಡಿದ ಮೇಲೆ! ರಕ್ತದಲ್ಲಿ ಕಾಣದಷ್ಟು ಇಳಿದು, ಹಾಗೇ ಉಳಿದ ಮೇಲೆ! ಅದಕ್ಕೆ ತಿಂಗಳುಗಟ್ಟಲೆ ಬೇಕು, ಪರೀಕ್ಷೆ ಮಾಡಿ ನೋಡಬೇಕು. ನೀನು ಶುರು ಮಾಡಿದ್ದು ಮೊನ್ನೆ. ಅಣ್ಣಾ, ಅವಳ ಜೀವದ ಪ್ರಶ್ನೆ ಇದು. ನಿರ್ಧಾರ ಮಾಡಬೇಕಾದವಳು ಅವಳು.”

“ಅವಳು ಬೇಡ ಅಂತಾಳೆ.”

“ಅನ್ನಬಹುದು.”

“ಅಮ್ಮನ ಕಿವಿಗೆ ಬೀಳುತ್ತೆ. ಊರಿಗೆ ಗೊತ್ತಾಗುತ್ತೆ. ಅಂಗಡಿಯಿಂದ ತೆಗೀತಾರೆ.” ಅವನ ದನಿ ಒಡೆಯಿತು. “ನೀನು ಬಾಯಿ ಬಿಟ್ರೆ ನಾನು ಏನಾದ್ರೂ ಮಾಡ್ಕೊಳ್ತೀನಿ ಅಂತ ಹೆದರಿಸಲ್ಲ. ಅದಲ್ಲ. ಆದ್ರೆ ದೇವರ ಮುಂದೆ ಮಾತು ಕೊಟ್ಟಿದ್ದೀಯ. ಅದನ್ನ ನೆನಪಿಟ್ಕೊ.”

ಬಸ್ ಬಂತು. ಅವನು ಹತ್ತಿದ. ಏಣಿ ಹತ್ತಲಿಲ್ಲ.

ಬರುವ ವಾರದ ಪ್ರಾರ್ಥನೆಯಲ್ಲಿ ಗುರುಗಳು ಮದುವೆ ಸಾರುವವರಿದ್ದರು. ಹುಡುಗ ಹುಡುಗಿಯ ಹೆಸರು ಹೇಳಿ, ಯಾರಿಗಾದರೂ ತಕರಾರಿದೆಯೇ ಎಂದು ಸಭೆಯನ್ನು ಕೇಳುವುದು ಮಂದಿರದ ವಾಡಿಕೆ. ಯಾರೂ ಏಳದಿದ್ದರೆ ಮದುವೆ ನಡೆದಂತೆಯೇ.

ಮರುದಿನ ಪ್ಯಾಕಿಂಗ್ ಕೋಣೆಯಲ್ಲಿ ಏಣಿಗೆ ಕೈ ಓಡಲಿಲ್ಲ. ಹೋಳಾಗಿ ಬಂದ ಬ್ರೆಡ್ಡನ್ನು ಕವರಿಗೆ ಇಳಿಸುವುದು ಅವಳ ಕೆಲಸ, ಕವರಿನ ಕತ್ತು ತಿರುಚಿ ಕಟ್ಟುವುದು ಸೂಜಿಮೆಣಸಿನದು. ಒಬ್ಬಳು ನಿಂತರೆ ಇನ್ನೊಬ್ಬಳ ಕೈಯೂ ನಿಲ್ಲುತ್ತಿತ್ತು. ಸೂಜಿಮೆಣಸು ಎಂದಿನಂತೆ ಕಟ್ಟುತ್ತಲೇ ಹರಟುತ್ತಿದ್ದಳು. ಬಾಡಿಗೆಗೆ ನೋಡಿದ ಮನೆಗೆ ಬಿಸಿಲು ಚೆನ್ನಾಗಿ ಬೀಳುತ್ತದೆ, ಪರದೆ ಮಾತ್ರ ಹಳದಿಯೇ ಆಗಬೇಕು, ಅತ್ತೆಯವರಿಗೆ ಮೆಟ್ಟಿಲು ಹತ್ತಲು ಕಷ್ಟವಾಗಬಾರದು.

“ಏನೇ, ನಾದಿನಿ ಆಗೋಕೆ ಮುಂಚೆನೇ ಮುಖ ಊದಿಸ್ಕೊಂಡಿದ್ದೀಯ?” ಎಂದಳು ನಡುವೆ. “ಅಭ್ಯಾಸ ಮಾಡ್ಕೊಳ್ತಿದ್ದೀಯಾ?”

“ತಲೆನೋವು.”

“ಅಷ್ಟು ಎತ್ತರದಲ್ಲಿ ತಲೆ ಇದ್ರೆ ಗಾಳಿ ಹೊಡೆಯುತ್ತೆ.”

ಏಣಿ ಇನ್ನೊಂದು ಕವರಿಗೆ ಬ್ರೆಡ್ ಇಳಿಸಿದಳು. ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಎದುರಿಗೆ ನಿಂತವಳು ತನಗಾಗಿ ಎಷ್ಟು ಸಲ ಬೇರೆಯವರ ಜೊತೆ ಜಗಳಕ್ಕೆ ನಿಂತಿದ್ದಾಳೆ ಎಂದು ನೆನೆದಳು. ಹೇಳಿಬಿಡಲೇ ಎಂದು ಒಮ್ಮೆ ಬಾಯಿ ತೆರೆದಳು. ಅಷ್ಟರಲ್ಲಿ ಮೇಸ್ತ್ರಿ ಬಂದು ಬ್ರೆಡ್ ರಾಶಿ ಬೀಳುತ್ತಿದೆಯೆಂದು ಕೂಗಿದ.

ಊಟದ ಬಿಡುವಿನಲ್ಲಿ ಅವಳು ಆರೋಗ್ಯ ಕೇಂದ್ರಕ್ಕೆ ಓಡಿದಳು. ನರ್ಸಮ್ಮ ಸಿರಿಂಜುಗಳ ಡಬ್ಬಿ ಮುಚ್ಚಿ, ಬಾಗಿಲನ್ನೂ ಮುಚ್ಚಿ ಕೂತರು.

“ಒಬ್ಬರು ನನಗೆ ಹೇಳಿದ್ದಾರೆ,” ಎಂದಳು ಏಣಿ. “ಅವರು ಇನ್ನೊಬ್ಬರಿಗೆ ಹೇಳಲೇಬೇಕು, ಆದರೆ ಹೇಳ್ತಿಲ್ಲ. ನಾನು ಏನು ಮಾಡಲಿ?”

ನರ್ಸಮ್ಮನಿಗೆ ಅರ್ಥವಾಗದೇ ಇರಲಿಲ್ಲ. ಆದರೆ ಅವರೂ ಯಾರ ಸುದ್ದಿಯನ್ನೂ ಎತ್ತಲಿಲ್ಲ. “ನೀನು ಹೋಗಿ ಹೇಳಿದ್ರೆ ನಾಳೆಯಿಂದ ಒಂದು ಮಗುನೂ ಇಲ್ಲಿಗೆ ಪರೀಕ್ಷೆಗೆ ಬರಲ್ಲ. ನೀನು ಸುಮ್ನೆ ಕೂತ್ರೆ ಒಬ್ಬಳು ಕಣ್ಣು ಕಟ್ಟಿಸಿಕೊಂಡು ಬಾವಿಗೆ ಬೀಳ್ತಾಳೆ. ಎರಡೂ ಆಗಬಾರದು. ಅವರ ಬಾಯಿಂದಲೇ ಬರಬೇಕು. ಬೆನ್ನು ಬಿಡಬೇಡ. ಇಬ್ಬರನ್ನೂ ಇಲ್ಲಿಗೆ ಕರ್ಕೊಂಡು ಬರೋ ಹಾಗೆ ಮಾಡು, ಮಾತು ಶುರು ಮಾಡೋಕೆ ನಾನು ಸಹಾಯ ಮಾಡ್ತೀನಿ.”

ಬೆನ್ನು ಬಿಡಬೇಡವೆಂದರೆ ಅವಳು ಬಿಡುವವಳೇ ಅಲ್ಲ. ಅಣ್ಣ ಹಲ್ಲುಜ್ಜುವಾಗ, ಚಪ್ಪಲಿ ಹಾಕಿಕೊಳ್ಳುವಾಗ, ಅಮ್ಮ ನೀರಿಗೆ ಹೋದ ಸಂದಿನಲ್ಲಿ, ಸಿಕ್ಕಲ್ಲೆಲ್ಲ ಹಿಡಿದಳು. ಮೊದಮೊದಲು ಅವನು ಬೇಡಿಕೊಂಡ, ಆಮೇಲೆ ರೇಗಿದ, ಕೊನೆಗೆ ಮಾತೇ ನಿಲ್ಲಿಸಿದ. ಸಾರುವ ದಿನ ಹತ್ತಿರವಾದಂತೆ ಏಣಿಗೂ ತಾಳ್ಮೆ ತಪ್ಪಿತು.

“ಕೇಳಿಲ್ಲಿ,” ಎಂದಳು, ಅವನ ದಾರಿಗೆ ಅಡ್ಡ ನಿಂತು. “ಮಾತು ಕೊಟ್ಟಿದ್ದೀನಿ, ಮುರಿಯಲ್ಲ. ಅವಳಿಗೆ ಹೇಳಲ್ಲ. ಆದ್ರೆ ತಕರಾರಿದೆಯಾ ಅಂತ ಗುರುಗಳು ಕೇಳಿದಾಗ ನಾನು ಎದ್ದು ನಿಲ್ತೀನಿ.”

“ಕಾರಣ ಕೇಳ್ತಾರೆ.”

“ಹೇಳಲ್ಲ. ಸುಮ್ನೆ ನಿಂತಿರ್ತೀನಿ. ಕೂರು ಅಂದ್ರೂ ಕೂರಲ್ಲ.”

“ಸ್ವಂತ ಅಣ್ಣನ ಮದುವೆಗೆ!”

“ಹೂಂ, ಸ್ವಂತ ಅಣ್ಣನ ಮದುವೆಗೆ.”

ಅವನು ಅವಳನ್ನು ಬದಿಗೆ ತಳ್ಳಿ ಹೊರಟುಹೋದ. ತಳ್ಳಿದ್ದು ಜೋರಾಗಿಯೇನಲ್ಲ. ಆದರೂ ಹುಟ್ಟಿದಾಗಿನಿಂದ ಅವನು ಅವಳ ಮೇಲೆ ಕೈ ಮಾಡಿದವನಲ್ಲ. ಏಣಿ ಅಡುಗೆಮನೆಯ ಗೋಡೆಗೊರಗಿ ನಿಂತು, ನನ್ನ ಮಾತನ್ನೂ ಉಳಿಸು, ಅವಳ ಜೀವವನ್ನೂ ಉಳಿಸು ಎಂದು ದೇವರನ್ನು ಬೇಡಿಕೊಂಡಳು. ಪಾಠ ಹೇಳುವಾಗ ಎಂದೂ ಅಷ್ಟು ಆಳದಿಂದ ದೇವರನ್ನು ಕರೆದಿರಲಿಲ್ಲ.

ಸಾರುವುದಕ್ಕೆ ಹಿಂದಿನ ದಿನ ಸೂಜಿಮೆಣಸು ಹೊಸ ಮನೆಗೊಂದು ಕನ್ನಡಿ ಬೇಕೆಂದು ಏಣಿಯನ್ನು ಎಳೆದುಕೊಂಡು ಗಾಜಿನ ಅಂಗಡಿಗೆ ಹೋದಳು. ಬಾರದೇ ಇರಲು ಏಣಿಗೆ ನೆವ ಸಿಗಲಿಲ್ಲ. ಮಾಲೀಕ ಹೊರಗೆ ಹೋಗಿದ್ದ. ಅಣ್ಣ ಕಂಬಳಿ ಹಾಸಿದ ಮೇಜಿನ ಮೇಲೆ ಕನ್ನಡಿಯ ಹಾಳೆಯನ್ನು ಮಲಗಿಸಿ, ಅಳತೆಪಟ್ಟಿ ಇಟ್ಟು, ಗಾಜು ಗೀರುವ ಪುಟ್ಟ ಚಕ್ರವನ್ನು ಎಳೆಯುತ್ತಿದ್ದ. ಕಿರ್ರೆಂಬ ಸದ್ದಿಗೆ ಸೂಜಿಮೆಣಸು ಕಿವಿ ಮುಚ್ಚಿಕೊಂಡು ನಕ್ಕಳು. ಅಣ್ಣ ತಂಗಿಯ ಕಡೆ ನೋಡಲೇ ಇಲ್ಲ.

“ನಾಳೆ ನಾನು ಮುಂದಿನ ಸಾಲಲ್ಲೇ ಕೂರೋದು,” ಎಂದಳು ಸೂಜಿಮೆಣಸು. “ಸಾರುವಾಗ ಎಲ್ಲರ ಮುಖ ಕಾಣಬೇಕು ನನಗೆ. ತಕರಾರಿದೆ ಅಂತ ಯಾರಾದ್ರೂ ಎದ್ದು ನಿಲ್ಲಲಿ, ಕಾಲು ಮುರಿದು ಕೈಗೆ ಕೊಡ್ತೀನಿ. ಅಲ್ವೇನೇ ಏಣಿ?”

ಅಣ್ಣ ಗೀರಿದ ಗೆರೆಯ ಎರಡೂ ಬದಿಗೆ ಕೈ ಇಟ್ಟು ಒತ್ತಿದ. ಸಾವಿರ ಸಲ ಮಾಡಿದ ಕೆಲಸ. ಅಂದು ಗಾಜು ಗೆರೆ ಬಿಟ್ಟು ಓರೆಯಾಗಿ ಸೀಳಿತು. ಹೆಬ್ಬೆರಳ ಬುಡದಿಂದ ರಕ್ತ ಚಿಮ್ಮಿ ಕನ್ನಡಿಯ ಮೇಲೆ ಹರಿಯಿತು.

“ಅಯ್ಯೋ!” ಎಂದು ಸೂಜಿಮೆಣಸು ಮುನ್ನುಗ್ಗಿ ಅವನ ಕೈಗೆ ಕೈ ಚಾಚಿದಳು.

“ಮುಟ್ಟಬೇಡ!”

ಅವನ ಕೂಗಿಗೆ ಬೀದಿಯಲ್ಲಿ ಹೋಗುತ್ತಿದ್ದವರೂ ತಿರುಗಿ ನೋಡಿದರು. ಅವನು ಹಿಂದೆ ಹಿಂದೆ ಸರಿದು ಗೋಡೆಗೆ ತಾಗಿದ, ಗಾಯದ ಕೈಯನ್ನು ಹೊಟ್ಟೆಗೆ ಒತ್ತಿ ಹಿಡಿದು ನಿಂತ. ಅಂಗಿ ಕೆಂಪಾಗುತ್ತಿತ್ತು. ಏಣಿ ಮೇಜಿನ ಕೆಳಗಿದ್ದ ರಬ್ಬರ್ ಕೈಗವಸು ಎಳೆದುಕೊಂಡು, ಒಗೆದಿಟ್ಟ ಬಟ್ಟೆ ಹುಡುಕಿ, ಗಾಯವನ್ನು ಒತ್ತಿ ಕಟ್ಟಿದಳು.

ಸೂಜಿಮೆಣಸು ಚಾಚಿದ ಕೈಯನ್ನು ಇನ್ನೂ ಕೆಳಗಿಳಿಸಿರಲಿಲ್ಲ. ಅವನ ಮುಖ ನೋಡಿದಳು. ಅಲ್ಲಿದ್ದದ್ದು ನೋವಲ್ಲ, ಹೆದರಿಕೆ. ಕೈಗವಸು ಹಾಕಿದ ಏಣಿಯ ಕೈ ನೋಡಿದಳು. ಬರಿಗೈಯಲ್ಲಿ ರಕ್ತ ಮುಟ್ಟಬಾರದೆಂಬ ಪಾಠವನ್ನು ಅವಳೂ ಎಷ್ಟು ಸಲ ಹೇಳಿದ್ದಳು.

“ಯಾಕೆ ಮುಟ್ಟಬಾರದು?” ಎಂದು ಮೆಲ್ಲಗೆ ಕೇಳಿದಳು.

ಅಣ್ಣ ತಂಗಿಯ ಕಡೆ ನೋಡಿದ. ನೀನೇ ಏನಾದರೂ ಹೇಳು, ಸುಳ್ಳಾದರೂ ಹೇಳು ಎಂಬಂತಿತ್ತು ಆ ನೋಟ. ಏಣಿ ತುಟಿ ಬಿಗಿದು ಬಟ್ಟೆಯ ಗಂಟು ಹಾಕುತ್ತಲೇ ಇದ್ದಳು. ಹೊರಗೆ ಒಂದು ಕೈಗಾಡಿ ಗಡಗಡ ಸದ್ದು ಮಾಡುತ್ತ ಹೋಯಿತು.

“ನನಗೆ ಎಚ್‌ಐವಿ ಇದೆ,” ಎಂದ ಅಣ್ಣ. “ನೀನು ಹೇಳಿದೆ ಅಂತ ಹೋಗಿದ್ನಲ್ಲ, ಆವಾಗ ಗೊತ್ತಾಯ್ತು. ಮದುವೆ ಆದ್ಮೇಲೆ ಹೇಳೋಣ ಅಂತಿದ್ದೆ.”

ಸೂಜಿಮೆಣಸು ಕೂಗಲಿಲ್ಲ, ಅಳಲಿಲ್ಲ. ನಿಂತಲ್ಲೇ ಒಂದೆರಡು ಸಲ ತಲೆಯಾಡಿಸಿದಳು. ಆಮೇಲೆ ಏಣಿಯ ಕಡೆ ತಿರುಗಿದಳು.

“ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಪರದೆ ಹಳದಿ ಇರಲಿ ಅಂತ ನಾನು ಹೇಳ್ತಿದ್ದಾಗ್ಲೂ?”

“ಹೌದು.”

ಅವಳು ಚೀಲ ಎತ್ತಿಕೊಂಡು ಹೊರಟುಹೋದಳು. ಅಣ್ಣ ಗೋಡೆಗೊರಗಿದವನು ಹಾಗೇ ಜಾರಿ ನೆಲಕ್ಕೆ ಕೂತ. ಏಣಿ ಅವನ ಗಾಯಕ್ಕೆ ಹೊಲಿಗೆ ಹಾಕಿಸಲು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಅವಳ ಕಣ್ಣೀರು ಹರಿಯುತ್ತಲೇ ಇತ್ತು.

ಮರುದಿನ ಮದುವೆ ಸಾರಲಿಲ್ಲ. ಹೆಣ್ಣಿನ ಕಡೆಯವರು ಬೇಡವೆಂದಿದ್ದಾರೆ ಎಂದಷ್ಟೇ ಗುರುಗಳು ಹೇಳಿದರು. ಆದರೆ ಊರ ಬಾಯಿಗೆ ಮುಚ್ಚಳ ಉಂಟೇ? ಪಾಠ ಹೇಳುವ ಹುಡುಗಿಯ ಮದುವೆಯೇ ನಿಂತಿದೆ, ಮದುಮಗ ಪರೀಕ್ಷೆಗೆ ಹೋಗುತ್ತೇನೆಂದು ಎಲ್ಲರೆದುರು ಹೇಳಿದ್ದ, ಬೆಂಕಿಯಿಲ್ಲದೆ ಹೊಗೆ ಬರುತ್ತದೆಯೇ ಎಂದು ಒಬ್ಬರು. ಅವನಿಗಲ್ಲ, ಅವಳಿಗೇ ಇರಬೇಕು ಎಂದು ಇನ್ನೊಬ್ಬರು. ಅದರ ಮುಂದಿನ ವಾರ ಹುಡುಗರು ಬಂದರೆ ಹಿಂಬದಿಯ ಕೋಣೆಗೆ ಬೀಗ ಬಿದ್ದಿತ್ತು. ಏಣಿಯನ್ನು ಹಿರಿಯರ ಸಭೆಗೆ ಕರೆದರು.

ಅಷ್ಟು ದಿನವೂ ಸೂಜಿಮೆಣಸು ಅವಳ ಜೊತೆ ಮಾತಾಡಿರಲಿಲ್ಲ. ಪ್ಯಾಕಿಂಗ್ ಮೇಜಿನ ಆಚೆ ಬದಿಗೆ ನಿಂತು ಕವರಿನ ಕತ್ತು ತಿರುಚುತ್ತಿದ್ದಳು, ಕಟ್ಟುತ್ತಿದ್ದಳು, ಮುಂದೆ ತಳ್ಳುತ್ತಿದ್ದಳು. ಕತ್ತೆತ್ತುತ್ತಿರಲಿಲ್ಲ. ಬೈದಿದ್ದರೆ ಏಣಿಗೆ ಎಷ್ಟೋ ಹಗುರವಾಗುತ್ತಿತ್ತು.

ಮನೆಯಲ್ಲಿ ಅಣ್ಣ ಅಮ್ಮನಿಗೆ ತಾನೇ ಹೇಳಿದ್ದ. ಅಮ್ಮ ಮರುದಿನ ಅವನ ತಟ್ಟೆ ಲೋಟವನ್ನು ಬೇರೆ ಮೂಲೆಗೆ ಇಟ್ಟಿದ್ದಳು. ಏಣಿ ಅದೇ ತಟ್ಟೆ ಎತ್ತಿಕೊಂಡು, ಅಣ್ಣ ಉಂಡು ಬಿಟ್ಟಿದ್ದನ್ನು ಅಮ್ಮನೆದುರೇ ಕೂತು ಉಂಡಳು. “ಇದರಿಂದ ಬರೋ ಹಾಗಿದ್ರೆ ಅಮ್ಮ, ನಾನು ಊರಿಗೆಲ್ಲ ಸುಳ್ಳು ಹೇಳ್ತಿದ್ದೀನಿ ಅಂತ ಆಯ್ತು,” ಎಂದಳು. ತಟ್ಟೆ ಮೊದಲಿನ ಜಾಗಕ್ಕೆ ಬಂತು. ಅಮ್ಮನ ಅಳು ಮಾತ್ರ ಬೇಗ ನಿಲ್ಲಲಿಲ್ಲ.

ಹಿರಿಯರ ಸಭೆಯಲ್ಲಿ ಏಣಿಯೊಬ್ಬಳೇ ಹೆಣ್ಣು. ನಿಂತೇ ಇದ್ದಳು. ಬೀಗದ ಯಜಮಾನರು ಶುರುಮಾಡಿದರು.

“ಯಾರಿಗೆ ರೋಗ ಇದೆ ಅಂತ ನಿನಗೆ ಗೊತ್ತು. ಹೇಳು. ನಮ್ಮ ಮಕ್ಕಳನ್ನ ನಾವು ಕಾಪಾಡ್ಕೊಳ್ಳಬೇಕು.”

“ಮಕ್ಕಳನ್ನ ಕಾಪಾಡೋದಕ್ಕೇ ಪಾಠ ಮಾಡ್ತಿದ್ದೆವು ಯಜಮಾನರೇ. ನೀವು ಬೀಗ ಹಾಕಿದ್ರಿ.”

“ನಾಲಿಗೆ ಉದ್ದ ಆಯ್ತು ನಿಂದು! ಪಾಠ ಅಂತೆ ಪಾಠ. ಪಾಠ ಹೇಳಿದವರ ಮನೆಗೇ ರೋಗ ಬಂತಂತೆ. ಮಂದಿರದ ಮರ್ಯಾದೆ ಏನಾಗಬೇಕು? ಯಾರು ಅಂತ ಹೇಳು, ಇಲ್ಲಾಂದ್ರೆ ಆ ಕೋಣೆ ಇನ್ನು ತೆಗೆಯಲ್ಲ.”

ಕೋಣೆ ಹೋದರೆ ಅಷ್ಟೂ ಹುಡುಗರು ಹೋದರು. ಹೆಸರು ಹೇಳಿದರೆ ಅಣ್ಣ ಹೋದ. ಅತ್ತ ದರಿ, ಇತ್ತ ಪುಲಿ. ಏಣಿ ಗುರುಗಳ ಕಡೆ ನೋಡಿದಳು. ಅವರು ಕಣ್ಣು ಮುಚ್ಚಿ ಕೂತಿದ್ದರು. ತೆರೆದು ಕೇಳಿದರು, “ನನಗೊಬ್ಬನಿಗೇ ಹೇಳ್ತೀಯಾ ಮಗಳೇ? ನನಗೆ ಹೇಳಿದ್ರೆ ದೇವರಿಗೆ ಹೇಳಿದ ಹಾಗೆ.”

“ದೇವರಿಗೆ ಆಗಲೇ ಗೊತ್ತಿದೆ ಗುರುಗಳೇ,” ಎಂದಳು ಏಣಿ. “ಅವರಿಗೆ ಗೊತ್ತಿರೋದನ್ನ ನಾನು ಯಾಕೆ ಮತ್ತೆ ಹೇಳಲಿ?”

ಸಭೆ ಗುಜುಗುಜು ಎಂದಿತು. ಯಜಮಾನರು ಎದ್ದು ನಿಂತರು. ಅಷ್ಟರಲ್ಲಿ ಬಾಗಿಲು ಧಡಕ್ಕನೆ ತೆರೆಯಿತು. ಬೇಕರಿಯ ಏಪ್ರನ್ನಿನಲ್ಲೇ ಸೂಜಿಮೆಣಸು ಒಳಗೆ ಬಂದಳು. ಅವಳನ್ನು ಯಾರೂ ಕರೆದಿರಲಿಲ್ಲ.

“ಅವಳನ್ನ ಯಾಕೆ ಕೇಳ್ತೀರಿ? ಮದುವೆ ಬೇಡ ಅಂದವಳು ನಾನು. ನನ್ನನ್ನ ಕೇಳಿ.”

“ಸರಿ, ನಿನ್ನನ್ನೇ ಕೇಳೋಣ. ಯಾಕೆ ಬೇಡ?”

“ಯಾಕೆ ಅನ್ನೋದು ನಂದು. ಹುಡುಗನ ಕಿವಿ ದೊಡ್ಡದು ಅಂತ ಬೇಡ ಅಂದಿರಬಹುದು. ಗೊರಕೆ ಹೊಡೀತಾನೆ ಅಂತ ಬೇಡ ಅಂದಿರಬಹುದು. ನಿಮ್ಮ ಮಗಳು ಎರಡು ಸಂಬಂಧ ಬೇಡ ಅಂದಾಗ ನಾವ್ಯಾರೂ ಸಭೆ ಕರೀಲಿಲ್ಲವಲ್ಲ ಯಜಮಾನರೇ?”

ಯಜಮಾನರ ಮುಖ ಕೆಂಪಗಾಯಿತು. ಯಾರೋ ಮೂಲೆಯಲ್ಲಿ ನಗು ತಡೆಯಲಾರದೆ ಕೆಮ್ಮಿದರು. ಏಣಿಗೆ ಕಣ್ಣು ಮಂಜಾಯಿತು. ಅಣ್ಣನ ಮೇಲೆ ಕೆಂಡದಂಥ ಸಿಟ್ಟಿದ್ದವಳು ಅವನ ಗುಟ್ಟನ್ನು ತನ್ನ ಸೆರಗಲ್ಲಿ ಕಟ್ಟಿಕೊಂಡು ನಿಂತಿದ್ದಳು.

ಗುರುಗಳು ಎದ್ದರು. ಮೊಣಕಾಲು ನೋವಿನ ಮನುಷ್ಯ, ಏಳುವುದೇ ನಿಧಾನ.

“ನಾನು ಕೇಳಿದ್ದು ತಪ್ಪು,” ಎಂದರು. “ಈ ಮಂದಿರಕ್ಕೆ ಬಂದಾಗಿಂದ ಜನ ನನ್ನ ಹತ್ರ ಬಂದು ಏನೇನೋ ಹೇಳ್ಕೊಂಡು ಅತ್ತಿದ್ದಾರೆ. ಇಲ್ಲಿ ಕೂತಿರೋರೂ ಬಂದಿದ್ದಾರೆ. ನಾನು ಒಂದು ದಿನ ಬಾಯಿ ಬಿಟ್ರೆ ಈ ಕುರ್ಚಿಗಳಲ್ಲಿ ಎಷ್ಟು ಜನ ಉಳೀತೀರಿ, ನೀವೇ ಲೆಕ್ಕ ಹಾಕ್ಕೊಳ್ಳಿ.”

ಯಾರೂ ಕೆಮ್ಮಲಿಲ್ಲ.

“ಈ ಹುಡುಗಿಯರೂ ಅದನ್ನೇ ಮಾಡ್ತಿರೋದು. ಯಜಮಾನರೇ, ಬೀಗದ ಕೈ ಕೊಡಿ.”

ಯಜಮಾನರು ಕೊಟ್ಟರು. ಕೈಗೆ ಕೊಡಲಿಲ್ಲ, ಮೇಜಿನ ಮೇಲೆ ಟಣ್ಣೆಂದು ಇಟ್ಟು ಹೊರನಡೆದರು. ಅವರ ಜೊತೆ ಇನ್ನೂ ಕೆಲವರು ಹೋದರು. ಅವರು ತಮ್ಮ ಮನೆಯ ಹುಡುಗರನ್ನು ಮತ್ತೆ ಎಂದೂ ಆ ಕೋಣೆಗೆ ಕಳಿಸಲಿಲ್ಲ.

ಮಂದಿರದಿಂದ ಹೊರಗೆ ಬಂದ ಮೇಲೆ ಹುಡುಗಿಯರಿಬ್ಬರೂ ಬೀದಿಯ ಕೊನೆಯವರೆಗೂ ನಡೆದರು.

“ಒಂದು ಕೇಳ್ತೀನಿ, ಸುಳ್ಳು ಹೇಳಬೇಡ,” ಎಂದಳು ಸೂಜಿಮೆಣಸು. “ಅವರ ಕೈ ಕುಯ್ಯದೇ ಇದ್ದಿದ್ರೆ ನೀನು ನನಗೆ ಹೇಳ್ತಿದ್ದೆಯಾ?”

“ಇಲ್ಲ.”

“ಮದುವೆ ಆಗೋಕೆ ಬಿಡ್ತಿದ್ದೆಯಾ?”

“ಬಿಡ್ತಿರಲಿಲ್ಲ. ಸಾರೋ ದಿನ ಎದ್ದು ನಿಲ್ತೀನಿ ಅಂತ ಅಣ್ಣನಿಗೆ ಹೇಳಿದ್ದೆ.”

“ಕಾರಣ ಕೇಳಿದ್ರೆ?”

“ಸುಮ್ನೆ ನಿಲ್ತಿದ್ದೆ. ಹುಚ್ಚಿ ಅನ್ನಿಸಿಕೊಳ್ತಿದ್ದೆ.”

“ನಾನೇ ಜಡೆ ಹಿಡಿದು ಕೂರಿಸ್ತಿದ್ದೆ ನಿನ್ನ.”

“ನಿನ್ನ ಕೈಗೆ ನನ್ನ ಜಡೆ ಎಟುಕಲ್ಲ.”

ಸೂಜಿಮೆಣಸಿನ ತುಟಿ ಅಲುಗಿತು, ನಗುವಾಗಲಿಲ್ಲ. “ನೀನು ಮಾಡಿದ್ದು ಸರಿ ಅಂತ ನನಗೆ ಗೊತ್ತು,” ಎಂದಳು. “ನನಗೂ ಅದೇ ತರಬೇತಿ ಕೊಟ್ಟಿದ್ದು. ಗೊತ್ತಿದ್ರೂ ನಿನ್ನ ಮುಖ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಸ್ವಲ್ಪ ದಿನ ಬಿಡು ನನ್ನನ್ನ.”

ಏಣಿ ಬಿಟ್ಟಳು. ಪಾಠಕ್ಕೆ ಇಬ್ಬರೂ ಬರುತ್ತಿದ್ದರು, ಹೇಳಬೇಕಾದ್ದನ್ನು ಹಂಚಿಕೊಂಡು ಹೇಳುತ್ತಿದ್ದರು, ಮುಗಿದ ಮೇಲೆ ಬೇರೆ ಬೇರೆ ದಾರಿ ಹಿಡಿಯುತ್ತಿದ್ದರು. ಅಣ್ಣ ಮಾತ್ರೆ ತಪ್ಪಿಸಲಿಲ್ಲ. ತಿಂಗಳುಗಳು ಕಳೆದ ಮೇಲೆ ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದಿದೆ ಎಂದು ಆರೋಗ್ಯ ಕೇಂದ್ರದಲ್ಲಿ ಹೇಳಿದರು. ಅಂದು ಅವನು ಸೂಜಿಮೆಣಸಿನ ಮನೆಗೆ ಹೋಗಿ, ಈಗಲಾದರೂ ಮದುವೆಯ ಮಾತು ಎತ್ತಬಹುದೇ ಎಂದು ಕೇಳಿದ. ಅವಳು ಬಾಗಿಲಲ್ಲೇ ನಿಂತು ಹೇಳಿದಳಂತೆ: “ಅವತ್ತು ಬಂದು ಹೇಳಿದ್ದಿದ್ರೆ ಅಳ್ತಿದ್ದೆ, ಬೈತಿದ್ದೆ, ಆಮೇಲೆ ನಿಮ್ಮ ಜೊತೆ ಬಂದು ನರ್ಸಮ್ಮನ ಎದುರು ಕೂರ್ತಿದ್ದೆ. ನಾನು ಬೇಡ ಅಂದಿದ್ದು ಕಾಯಿಲೆಗಲ್ಲ. ಗೊತ್ತಿದ್ದೂ ಹೇಳದೆ ನನ್ನನ್ನ ಕಟ್ಕೊಳ್ಳೋಕೆ ಹೊರಟಿದ್ದಿರಿ ನೋಡಿ, ಅದಕ್ಕೆ.” ಮದುವೆ ಆಗಲಿಲ್ಲ.

ಅದಾದ ಮೇಲೆಯೇ ಅಣ್ಣ ಪಾಠಕ್ಕೆ ಬರುತ್ತೇನೆಂದಿದ್ದು. ಹುಡುಗರೆದುರು ತಾನೇ ಹೇಳಿಕೊಳ್ಳುತ್ತೇನೆ, ಇನ್ನು ಮುಚ್ಚಿಟ್ಟು ಸಾಕಾಗಿದೆ ಎಂದ. ಏಣಿ ಸೂಜಿಮೆಣಸನ್ನು ಕೇಳಿದಳು. “ಬರಲಿ,” ಎಂದಳು ಅವಳು. “ಆದ್ರೆ ಆ ದಿನ ನಾನು ಬರಲ್ಲ.”

ಅವನು ಬಂದ. ಹೊಲಿಗೆಯ ಗುರುತಿದ್ದ ಕೈಯನ್ನು ಜೇಬಿನಲ್ಲಿಟ್ಟುಕೊಂಡು, ಒಂದೆರಡು ಸಲ ತೊದಲಿ, ಆದದ್ದನ್ನೆಲ್ಲ ಹೇಳಿದ. ಸೂಜಿಮೆಣಸಿನ ಮಾತು ಬಂದಲ್ಲಿ ‘ಒಬ್ಬಳು’ ಎಂದಷ್ಟೇ ಹೇಳಿದ. ಎಲ್ಲರಿಗೂ ತಿಳಿಯಿತು, ಯಾರೂ ಎತ್ತಿ ಆಡಲಿಲ್ಲ. ತರಲೆ ಕೂಡ ಅಂದು ಹುಡುಗಾಟ ಬಿಟ್ಟು ಕೂತಿದ್ದ. ಕೊನೆಗೆ ಕೈಯೆತ್ತಿದ.

“ನೀವು ಮೊದಲು ಯಾರಿಗೆ ಹೇಳಿದ್ರಿ ಅಣ್ಣ?”

“ನನ್ನ ತಂಗಿಗೆ,” ಎಂದ ಅಣ್ಣ. “ಆದರೆ ಮೊದಲು ಹೇಳಬೇಕಾಗಿದ್ದು ಅವಳಿಗಲ್ಲ.”

ಪಾಠ ಮುಗಿದ ಮೇಲೆ ಹುಡುಗರು ಒಬ್ಬೊಬ್ಬರೇ ಎದ್ದರು. ಕೆಲವರು ಅಣ್ಣನ ಕೈ ಕುಲುಕಿದರು, ಕೆಲವರು ನೆಲ ನೋಡುತ್ತ ಹೋದರು. ತರಲೆ ಏಣಿಯ ಹತ್ತಿರ ನಿಂತು, ನಾಳೆ ಆರೋಗ್ಯ ಕೇಂದ್ರ ಎಷ್ಟು ಹೊತ್ತಿಗೆ ತೆಗೆಯುತ್ತದೆ, ಜೊತೆಗೆ ಬರುತ್ತೀಯಾ ಎಂದು ಪಿಸುಗುಟ್ಟಿದ. ಬರುತ್ತೇನೆ ಎಂದಳು.

ಅವಳು ಕೊನೆಯವಳಾಗಿ ಹೊರಗೆ ಬಂದಾಗ ಮೆಟ್ಟಿಲ ಮೇಲೆ ಯಾರೋ ಬೆನ್ನು ಮಾಡಿ ಕೂತಿದ್ದರು. ಆ ಪುಟ್ಟ ಬೆನ್ನನ್ನು ಗುರುತಿಸಲು ಏಣಿಗೆ ಮುಖ ಕಾಣಬೇಕಿರಲಿಲ್ಲ. ಪಕ್ಕದಲ್ಲಿ ಹೋಗಿ ಕೂತಳು. ಸೂಜಿಮೆಣಸು ಸರಿದು ಜಾಗ ಮಾಡಿಕೊಟ್ಟಳು.

“ಕೇಳಿಸ್ತಾ?” ಎಂದಳು ಏಣಿ.

“ಎಲ್ಲಾ ಕೇಳಿಸ್ತು.” ಸೂಜಿಮೆಣಸು ಮೂಗು ಒರೆಸಿಕೊಂಡಳು. “ತೊದಲ್ತಾರೆ ತುಂಬ. ಮುಂದಿನ ಸಲ ಮಾತಾಡೋಕೆ ಮುಂಚೆ ಒಂದು ಲೋಟ ನೀರು ಕೊಡು.”

ಎದುರಿನ ಅಂಗಡಿಯವನು ಬಾಗಿಲು ತೆಗೆದು ಕಸ ಗುಡಿಸತೊಡಗಿದಾಗ ಇಬ್ಬರೂ ಎದ್ದು ಒಂದೇ ದಾರಿ ಹಿಡಿದರು.